ಸ್ಪ್ರಿಂಗ್ ಬದಲಾಯಿಸುವಾಗ ಹಳೇ ಬೋಲ್ಟು, ಬುಷ್, ಶ್ಯಾಕಲ್ ಮತ್ತೆ ಹಾಕಬಹುದಾ?

ದೂರದಾರಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಆಕ್ಸಲ್‌ನ ಟ್ರಾವೆಲ್ ಟ್ರೇಲರ್. ತಲಾ 3500 ಪೌಂಡಿನ ಆಕ್ಸಲ್, ಎರಡೂ ತುದಿಯಲ್ಲಿ ಕಣ್ಣು (ಬೋಲ್ಟು ಹೋಗುವ ತೂತು) ಇರುವ ಲೀಫ್ ಸ್ಪ್ರಿಂಗ್. ಸ್ಪ್ರಿಂಗ್‌ಗಳ ಬಾಗು ಹೋಗಿ ಹೆಚ್ಚೂಕಮ್ಮಿ ಚಪ್ಪಟೆಯಾಗಿವೆ. ಸಾಮಾನು ತುಂಬಿದ ಮೇಲೆ ಟೈರಿಗೂ ಮೇಲಿನ ತಗಡಿಗೂ ಜಾಗವೇ ಉಳಿಯುವುದಿಲ್ಲ. ನಾಲ್ಕೂ ಸ್ಪ್ರಿಂಗ್ ತೆಗೆದು ಇನ್ನೂ ಗಟ್ಟಿಯಾದವು ಹಾಕಬೇಕು ಅಂತಿದ್ದೇನೆ. ಮುಂದಿನ ಹಿಂದಿನ ಸ್ಪ್ರಿಂಗ್‌ಗಳ ನಡುವೆ ತೂಗುವ ಬರೀ ಕಬ್ಬಿಣದ ಈಕ್ವಲೈಜರ್ ಬದಲು ರಬ್ಬರ್ ಇರುವುದನ್ನು ಹಾಕುವ ಯೋಚನೆಯೂ ಇದೆ.

ನನ್ನ ಪ್ರಶ್ನೆ ಇರುವುದು ಸಣ್ಣ ಸಾಮಾನಿನ ಬಗ್ಗೆ. ಬೋಲ್ಟು, ನಟ್ಟು, ಬುಷ್ (ಕಣ್ಣಿನೊಳಗೆ ಕೂರುವ ಕೊಳವೆ), ಶ್ಯಾಕಲ್ ಪಟ್ಟಿ (ಸ್ಪ್ರಿಂಗನ್ನು ಈಕ್ವಲೈಜರ್‌ಗೆ ಜೋಡಿಸುವುದು), ಯು-ಬೋಲ್ಟು (ಆಕ್ಸಲ್ಲನ್ನು ಸ್ಪ್ರಿಂಗ್‌ಗೆ ಬಿಗಿಯುವುದು) ಎಲ್ಲ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿವೆ. ತುಕ್ಕು ಮೇಲ್ಮೈಯಲ್ಲಿ ಮಾತ್ರ. ವಿಚಾರಿಸಿದ ಒಂದು ವರ್ಕ್‌ಶಾಪಿನವರು "ಅವೆಲ್ಲ ಗಟ್ಟಿಯಾಗಿವೆ, ಸುಮ್ನೆ ಯಾಕೆ ಬದಲಾಯಿಸ್ತೀರಿ" ಅಂದರು. ನಿಮ್ಮ ಅಭಿಪ್ರಾಯ ಏನು?

ಗ್ರೀಸ್‌ಗನ್:
ಬದಲಾಯಿಸಿ. ಎಲ್ಲವನ್ನೂ. ಇದರಲ್ಲಿ ನನಗೆ ಸ್ವಲ್ಪವೂ ಅನುಮಾನ ಇಲ್ಲ.

ಹೊರಗಿನಿಂದ ಕಾಣುವುದು ಬೋಲ್ಟಿನ ತಲೆ ಮತ್ತು ನಟ್ಟು. ಸವೆಯುವುದು ಒಳಗಿನ ಭಾಗ. ಕಾರ್ಖಾನೆಯಿಂದ ಬರುವ ಬಹಳಷ್ಟು ಟ್ರೇಲರ್‌ಗಳಲ್ಲಿ ಸ್ಪ್ರಿಂಗ್ ಕಣ್ಣಿನೊಳಗೆ ತೆಳುವಾದ ನೈಲಾನ್ ಬುಷ್ ಇರುತ್ತದೆ. ಅದರೊಳಗೆ 9/16 ಇಂಚಿನ ಬೋಲ್ಟು. ಪ್ರತಿ ಗುಂಡಿಯಲ್ಲೂ ಸ್ಪ್ರಿಂಗ್ ಕಣ್ಣು ಆ ಬೋಲ್ಟಿನ ಸುತ್ತ ಅಷ್ಟಷ್ಟೇ ಹೊರಳುತ್ತದೆ. ನೈಲಾನ್ ಸವೆದು ಹರಿದು ಹೋದ ಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಮೊದಲು ಬೋಲ್ಟಿನ ಹೊಟ್ಟೆ ತೆಳ್ಳಗಾಗುತ್ತದೆ. ಆಮೇಲೆ ಶ್ಯಾಕಲ್ ಪಟ್ಟಿಯ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕೊನೆಗೆ ಹ್ಯಾಂಗರ್‌ನ ತೂತು. ಹ್ಯಾಂಗರ್ ಅಂದರೆ ಸ್ಪ್ರಿಂಗನ್ನೂ ಈಕ್ವಲೈಜರನ್ನೂ ಹಿಡಿದಿಡಲು ಚಾಸಿಗೆ ವೆಲ್ಡ್ ಆಗಿರುವುದು, ಬಿಚ್ಚಿ ಎಸೆಯುವ ಭಾಗ ಅಲ್ಲ. ಅಲ್ಲಿಯವರೆಗೆ ಸವೆತ ಹೋದರೆ ಕೆಲಸ ದೊಡ್ಡದಾಗುತ್ತದೆ.

ಈಗ ನೀವು ಹೊಸ ಗಟ್ಟಿ ಸ್ಪ್ರಿಂಗ್ ಹಾಕುತ್ತೀರಿ. ಮೆತ್ತಗಿದ್ದ ಹಳೇ ಸ್ಪ್ರಿಂಗ್ ತಾನೇ ನುಂಗುತ್ತಿದ್ದ ಹೊಡೆತ ಇನ್ನು ಮುಂದೆ ಬೋಲ್ಟಿಗೂ ಹ್ಯಾಂಗರ್‌ಗೂ ನೇರ ಹೋಗುತ್ತದೆ. ಅರ್ಧ ಸವೆದ ಬೋಲ್ಟಿನ ಮೇಲೆ ಮೊದಲಿಗಿಂತ ಜಾಸ್ತಿ ಹೊಡೆತ. ಅದಕ್ಕೇ ಹೇಳುತ್ತಿದ್ದೇನೆ, ದೊಡ್ಡ ಭಾಗ ಬದಲಾಯಿಸುವ ದಿನವೇ ಸಣ್ಣದನ್ನೂ ಬದಲಾಯಿಸಬೇಕು. ಹೇಗೂ ಎಲ್ಲ ಬಿಚ್ಚುತ್ತೀರಿ ಅಲ್ವಾ?

ಎರಡು ಆಕ್ಸಲ್‌ಗೆ ಒಟ್ಟು ಲೆಕ್ಕ ಹೀಗಿದೆ. ಒಂದು ಬದಿಗೆ ಮುಂದಿನ ಹ್ಯಾಂಗರ್‌ನಲ್ಲಿ 1, ಮಧ್ಯದ ಹ್ಯಾಂಗರ್‌ನಲ್ಲಿ ಈಕ್ವಲೈಜರ್ ತೂಗುವ 1, ಹಿಂದಿನ ಹ್ಯಾಂಗರ್‌ನಲ್ಲಿ 1, ಶ್ಯಾಕಲ್‌ಗಳಲ್ಲಿ 4. ಅಂದರೆ 7. ಎರಡೂ ಬದಿ ಸೇರಿ 14 ಬೋಲ್ಟು, 8 ಶ್ಯಾಕಲ್ ಪಟ್ಟಿ. ಬುಷ್ ಕೂಡ 14: ನಾಲ್ಕು ಸ್ಪ್ರಿಂಗ್‌ಗಳಿಗೆ 8, ಎರಡು ಈಕ್ವಲೈಜರ್‌ಗಳಿಗೆ 6.

ನಿಧಾನಪಯಣ:
ಗ್ರೀಸ್‌ಗನ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಬಿಚ್ಚುವ ಮುಂಚೆಯೇ ಸವೆತ ಗೊತ್ತಾಗುತ್ತದೆ. ಚಾಸಿಯನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗಾಲಿ ನೆಲ ಬಿಡುವಂತೆ ಮಾಡಿ. ಸ್ಪ್ರಿಂಗ್ ಕಣ್ಣಿನ ಹತ್ತಿರ ಸಲಾಕೆ ಇಟ್ಟು ಮೇಲೆ ಕೆಳಗೆ ಆಡಿಸಿ. ಟಕ್ ಟಕ್ ಅಂತ ಆಡಿದರೆ ಬುಷ್ ಹೋಗಿದೆ ಅಂತಲೇ ಅರ್ಥ. ಬೋಲ್ಟಿನ ಸುತ್ತ ಕೆಂಪು ಪುಡಿ ಉದುರಿರುವುದು, ಶ್ಯಾಕಲ್ ಪಟ್ಟಿ ಒಂದು ಕಡೆಗೆ ವಾಲಿರುವುದು, ಈಕ್ವಲೈಜರ್‌ನ ಪಕ್ಕ ಉಜ್ಜಿ ಹೊಳೆಯುತ್ತಿರುವುದು, ಇವೂ ಗುರುತುಗಳೇ. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೂ ಇಲ್ಲೇ ಮೊದಲು ನೋಡಬೇಕು.

ಆದರೆ ನೈಲಾನ್ ಬುಷ್ ಅಂದ ಕೂಡಲೇ ಎಲ್ಲರೂ ಬೈಯುವುದು ನನಗೆ ಒಪ್ಪಿಗೆ ಇಲ್ಲ. ಹಗುರ ಟ್ರೇಲರ್, ಕಡಿಮೆ ಓಡಾಟ ಅಂದರೆ ನೈಲಾನ್ ಸಾಕು. ಆಗಾಗ ನೋಡಿ, ಸವೆದಾಗ ಹೊಸದು ಹಾಕಿದರೆ ಆಯಿತು. ಕಂಚಿನ ಬುಷ್ ಹಾಕಿ ಗ್ರೀಸ್ ಕೊಡದೇ ಬಿಟ್ಟರೆ ಅದೂ ಬೋಲ್ಟನ್ನು ತಿನ್ನುತ್ತದೆ. ಗ್ರೀಸ್ ಕೊಡುವ ಅಭ್ಯಾಸ ಇರುವವರಿಗೆ ಮಾತ್ರ ಕಂಚು.

ಟಾರ್ಕ್‌ರೆಂಚ್:
ದೂರದಾರಿ, ಸ್ಪ್ರಿಂಗ್ ಕೊಳ್ಳುವ ಮೊದಲು ಒಂದು ಪ್ರಶ್ನೆ. ಟ್ರೇಲರ್ ತೂಕ ಹಾಕಿಸಿದ್ದೀರಾ? ಸ್ಪ್ರಿಂಗ್ ಚಪ್ಪಟೆಯಾಗಲು ಎರಡು ಕಾರಣ ಇರಬಹುದು. ವಯಸ್ಸಾಗಿ ಉಕ್ಕು ಸೋತಿರಬಹುದು. ಇಲ್ಲವೇ ಆಕ್ಸಲ್ ತಾಳುವುದಕ್ಕಿಂತ ಜಾಸ್ತಿ ಭಾರ ಬಿದ್ದಿರಬಹುದು.

3500 ಪೌಂಡಿನ ಆಕ್ಸಲ್‌ಗೆ ತಲಾ 1750 ಪೌಂಡಿನ ಎರಡು ಸ್ಪ್ರಿಂಗ್ ಇರುತ್ತವೆ. ಅದಕ್ಕಿಂತ ಬಲವಾದ ಸ್ಪ್ರಿಂಗ್ ಹಾಕಿದರೆ ಆಕ್ಸಲ್ ಬಲ ಜಾಸ್ತಿ ಆಗುವುದಿಲ್ಲ. ಆಕ್ಸಲ್ ಕೊಳವೆ, ಬೇರಿಂಗು, ಬ್ರೇಕು, ಟೈರು ಎಲ್ಲ ಹಳೆಯವೇ. ಟ್ರೇಲರ್ ಮೈಮೇಲೆ ತಯಾರಕರು ಅಂಟಿಸಿದ ಗರಿಷ್ಠ ಒಟ್ಟು ತೂಕದ ಚೀಟಿಯೂ ಬದಲಾಗುವುದಿಲ್ಲ. ಸವಾರಿ ಮಾತ್ರ ಗಡುಸಾಗುತ್ತದೆ. ಒಳಗಿನ ಕಪಾಟಿನ ಸ್ಕ್ರೂಗಳು ಸಡಿಲ ಆಗುವುದು ಶುರುವಾಗುತ್ತದೆ.

ನೀರು, ಗ್ಯಾಸ್, ಸಾಮಾನು ಎಲ್ಲ ತುಂಬಿ ತೂಕ ಹಾಕಿಸಿ. ಆಕ್ಸಲ್‌ಗಳ ಮೇಲೆ ಎಷ್ಟು, ಮುಂದಿನ ಕೊಂಡಿಯ ಮೇಲೆ ಎಷ್ಟು ಅಂತ ಬೇರೆ ಬೇರೆ ನೋಡಿ. ಕೊಂಡಿಯ ಮೇಲೆ ಒಟ್ಟು ತೂಕದ 10ರಿಂದ 15 ಶೇಕಡಾ ಇರುವುದು ವಾಡಿಕೆ. ಆಕ್ಸಲ್‌ಗಳ ಮೇಲೆ 7000 ಪೌಂಡಿನ ಹತ್ತಿರ ಬಂದರೆ ಬರೀ ಸ್ಪ್ರಿಂಗ್ ಬದಲಾಯಿಸಿ ಪ್ರಯೋಜನ ಇಲ್ಲ.

ದೂರದಾರಿ:
ತೂಕ ಹಾಕಿಸಿ ಬಂದೆ. ಪೂರ್ತಿ ತುಂಬಿದಾಗ ಆಕ್ಸಲ್‌ಗಳ ಮೇಲೆ ಬೀಳುವುದು 6000 ಪೌಂಡಿನ ಆಸುಪಾಸು. ಮಿತಿಯೊಳಗೇ ಇದ್ದೇವೆ. ಹಾಗಾದರೆ ಸ್ಪ್ರಿಂಗ್ ಸೋತಿದೆ ಅಷ್ಟೇ. ಅದೇ 1750 ಪೌಂಡಿನ ಹೊಸ ಸ್ಪ್ರಿಂಗ್ ತರುತ್ತೇನೆ. ಗಟ್ಟಿಯಾದವು ಬೇಡ. ಉಳಿದ ದುಡ್ಡು ಬುಷ್, ಬೋಲ್ಟು, ಈಕ್ವಲೈಜರ್‌ಗೆ ಹೋಗಲಿ.

ಟಾರ್ಕ್‌ರೆಂಚ್:
ತುಂಬಾ ಒಳ್ಳೆಯ ನಿರ್ಧಾರ. ಕೊಳ್ಳುವಾಗ ಅಗಲ, ಉದ್ದ, ಪಟ್ಟಿಗಳ ಸಂಖ್ಯೆ ಮೂರನ್ನೂ ಹೊಂದಿಸಿ. ಈ ದರ್ಜೆಯ ಸ್ಪ್ರಿಂಗ್ ಅಗಲ ಸಾಮಾನ್ಯವಾಗಿ 1 3/4 ಇಂಚು. ಉದ್ದವನ್ನು ಒಂದು ಕಣ್ಣಿನ ನಡುವಿನಿಂದ ಇನ್ನೊಂದು ಕಣ್ಣಿನ ನಡುವಿಗೆ ಅಳೆಯಬೇಕು. 25 1/4 ಇಂಚಿನದೂ 26 ಇಂಚಿನದೂ ಕಣ್ಣಳತೆಗೆ ಒಂದೇ ಥರ ಕಾಣುತ್ತವೆ. ಹಾಕಿದ ಮೇಲೆ ಶ್ಯಾಕಲ್ ಕೋನ ಪೂರ್ತಿ ಬೇರೆ ಆಗುತ್ತದೆ. ಚಪ್ಪಟೆಯಾದ ಹಳೇ ಸ್ಪ್ರಿಂಗ್ ಹೊಸದಕ್ಕಿಂತ ಉದ್ದ ತೋರಿಸುತ್ತದೆ, ಯಾಕೆಂದರೆ ಬಾಗು ಹೋದಂತೆ ಕಣ್ಣುಗಳ ನಡುವಿನ ದೂರ ಜಾಸ್ತಿ ಆಗುತ್ತದೆ. ಆದ್ದರಿಂದ ಸ್ಪ್ರಿಂಗ್ ಮೇಲೆ ಒತ್ತಿರುವ ಭಾಗದ ನಂಬರ್ ಸಿಕ್ಕರೆ ಅದನ್ನೇ ನಂಬಿ.

ಹೊಸಬಳು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ವೆಟ್ ಬೋಲ್ಟ್ ಅಂದರೆ ಏನು? ಎಲ್ಲ ಕಡೆ ಈ ಹೆಸರು ನೋಡುತ್ತೇನೆ. ಮಾಮೂಲಿ ಗ್ರೇಡ್ 8 ಬೋಲ್ಟು ಅದಕ್ಕಿಂತ ಗಟ್ಟಿ ಅಲ್ವಾ? ಅದನ್ನೇ ತಂದು ಹಾಕಿದರೆ ಆಗುವುದಿಲ್ಲವಾ?

ಗ್ರೀಸ್‌ಗನ್:
ಒಳ್ಳೆ ಪ್ರಶ್ನೆ. ಬಹಳ ಜನ ಇಲ್ಲೇ ಎಡವುತ್ತಾರೆ.

ವೆಟ್ ಬೋಲ್ಟ್ ಅಂದರೆ ನಡುವೆ ಉದ್ದಕ್ಕೂ ಗ್ರೀಸ್ ಹೋಗುವ ಕೊರೆತ ಇರುವ ಬೋಲ್ಟು. ತಲೆಯಲ್ಲಿ ಗ್ರೀಸ್ ನಿಪ್ಪಲ್, ಮಧ್ಯದಲ್ಲಿ ಪಕ್ಕಕ್ಕೆ ತೆರೆಯುವ ಸಣ್ಣ ತೂತು. ಗನ್ನಿನಿಂದ ಒತ್ತಿದ ಗ್ರೀಸ್ ಆ ತೂತಿನಿಂದ ಬುಷ್ ಮತ್ತು ಬೋಲ್ಟಿನ ನಡುವೆ ಹರಡುತ್ತದೆ. ಇದಕ್ಕೆ ಕಂಚಿನ ಬುಷ್ ಜೊತೆ. ನೈಲಾನ್ ಬುಷ್ ಒಣಗಿಯೇ ಓಡುವಂತೆ ಮಾಡಿದ್ದು. ಅದಕ್ಕೆ ಗ್ರೀಸ್ ಹಚ್ಚಿದರೆ ಮರಳು, ಧೂಳು ಹಿಡಿದುಕೊಂಡು ಉಜ್ಜುವ ಕಾಗದದ ಕೆಲಸ ಮಾಡುತ್ತದೆ.

ಇನ್ನು ಗ್ರೇಡ್ 8 ಬೋಲ್ಟು. ತಲೆಯ ಮೇಲೆ ಆರು ಗೆರೆ ಇದ್ದರೆ ಗ್ರೇಡ್ 8, ಮೂರು ಇದ್ದರೆ ಗ್ರೇಡ್ 5. ಗಟ್ಟಿ ಹೌದು. ಆದರೆ ಶ್ಯಾಕಲ್ ಬೋಲ್ಟಿನ ತಲೆಯ ಕೆಳಗೆ ಹಲ್ಲು ಹಲ್ಲಾಗಿ ಗೀರಿದ ಭುಜ ಇರುತ್ತದೆ. ಅದು ಹ್ಯಾಂಗರ್ ಅಥವಾ ಶ್ಯಾಕಲ್ ಪಟ್ಟಿಯ ತೂತನ್ನು ಕಚ್ಚಿ ಹಿಡಿಯುತ್ತದೆ. ಬೋಲ್ಟು ತಿರುಗಬಾರದು, ಅದರ ಸುತ್ತ ಬುಷ್ ಮಾತ್ರ ತಿರುಗಬೇಕು. ಮಾಮೂಲಿ ಬೋಲ್ಟಿಗೆ ಆ ಹಲ್ಲಿಲ್ಲ. ಅದು ತೂತಿನೊಳಗೇ ತಿರುಗಿ ತಿರುಗಿ ಹ್ಯಾಂಗರ್ ತೂತನ್ನು ದೊಡ್ಡದು ಮಾಡುತ್ತದೆ. ಬೋಲ್ಟು ಉಳಿಯುತ್ತದೆ, ಟ್ರೇಲರ್‌ನ ಹ್ಯಾಂಗರ್ ಹಾಳಾಗುತ್ತದೆ. ಅದಕ್ಕೇ ಸಸ್ಪೆನ್ಷನ್‌ಗೆ ಅಂತಲೇ ಮಾಡಿದ ಬೋಲ್ಟು ಬೇಕು.

ಇದೇ ಕಾರಣಕ್ಕೆ ಬಿಗಿ ಮಾಡುವಾಗ ಬೋಲ್ಟಿನ ತಲೆಯನ್ನು ಯಾವತ್ತೂ ತಿರುಗಿಸಬೇಡಿ. ತಲೆ ಹಿಡಿದುಕೊಂಡು ನಟ್ಟು ಮಾತ್ರ ತಿರುಗಿಸಿ. ತಲೆ ತಿರುಗಿಸಿದರೆ ಆ ಹಲ್ಲುಗಳೇ ಅರದ ಹಾಗೆ ತೂತನ್ನು ಕೊರೆಯುತ್ತವೆ.

ಜಲ್ಲಿರಸ್ತೆ:
ವೆಟ್ ಬೋಲ್ಟ್ ಹಾಕುವವರಿಗೆ ಒಂದು ಮುಖ್ಯ ವಿಷಯ. ಗ್ರೀಸ್ ಬರುವ ಆ ಪಕ್ಕದ ತೂತು ಯಾವ ಕಡೆ ಮುಖ ಮಾಡಿದೆ ಅನ್ನುವುದನ್ನು ನೋಡಲೇಬೇಕು. ಭಾರ ಬೀಳುವುದು ಮೇಲೆ ಕೆಳಗಿನ ದಿಕ್ಕಿನಲ್ಲಿ. ತೂತು ಆ ಒತ್ತಡದ ಕಡೆಗೇ ಇದ್ದರೆ ಬುಷ್ ಅದನ್ನು ಮುಚ್ಚಿಬಿಡುತ್ತದೆ, ಗ್ರೀಸ್ ಹೊರಗೆ ಬರುವುದಿಲ್ಲ. ಗಡಿಯಾರದ 3 ಅಥವಾ 9 ಗಂಟೆಯ ದಿಕ್ಕಿಗೆ, ಅಂದರೆ ಪಕ್ಕಕ್ಕೆ ಇರಲಿ. ಬೋಲ್ಟು ಒಳಗೆ ಹೋದ ಮೇಲೆ ತೂತು ಕಾಣುವುದಿಲ್ಲ. ಹಾಕುವ ಮೊದಲೇ ತಲೆಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದುಕೊಳ್ಳಿ.

ಗನ್ ಒತ್ತಿದರೂ ಗ್ರೀಸ್ ಹೋಗದಿದ್ದರೆ ಗಾಬರಿ ಬೇಡ. ಚಾಸಿಯನ್ನು ಎತ್ತಿ ಸ್ಪ್ರಿಂಗ್ ಮೇಲಿನ ಭಾರ ಇಳಿಸಿ, ಆಮೇಲೆ ಒತ್ತಿ. ಸಾಮಾನ್ಯವಾಗಿ ಹೋಗುತ್ತದೆ. ನಂ. 2 ದರ್ಜೆಯ ಲಿಥಿಯಂ ಗ್ರೀಸ್ ಸಾಕು, ವಿಶೇಷದ್ದೇನೂ ಬೇಡ.

ಇನ್ನೊಂದು, ನಿಪ್ಪಲ್ ಇರುವ ತಲೆಯ ಮೇಲೆ ಸುತ್ತಿಗೆ ಹೊಡೆಯಬೇಡಿ. ಮೊದಲು ನಿಪ್ಪಲ್ ಬಿಚ್ಚಿಡಿ. ಮೆತ್ತನೆ ಹಿತ್ತಾಳೆ ಸರಳು ಅಡ್ಡ ಇಟ್ಟು ಬಡಿಯಿರಿ.

ವೆಲ್ಡಿಂಗ್‌ಕಿಡಿ:
ಎಲ್ಲರೂ ಬೋಲ್ಟು, ಬುಷ್ ಮಾತಾಡುತ್ತಿದ್ದೀರಿ. ನನ್ನ ಕಣ್ಣು ಮಾತ್ರ ಹ್ಯಾಂಗರ್ ಮೇಲೆ. ವೆಲ್ಡಿಂಗ್ ನನ್ನ ಕಸುಬು, ಟ್ರೇಲರ್ ಚಾಸಿ ತುಂಬಾ ನೋಡಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಶ್ಯಾಕಲ್ ಪಟ್ಟಿ ಕಾರ್ಖಾನೆಯಲ್ಲಿ 1/4 ಇಂಚು ದಪ್ಪ ಇದ್ದದ್ದನ್ನು ಜನ 1/2 ಇಂಚಿನದಕ್ಕೆ ಬದಲಾಯಿಸುತ್ತಾರೆ. ಒಳ್ಳೆಯದೇ. ತೂತು ಬೇಗ ಹಿಗ್ಗುವುದಿಲ್ಲ, ಪಟ್ಟಿ ವಾಲುವುದಿಲ್ಲ. ದಪ್ಪ ಪಟ್ಟಿಗೆ ಉದ್ದ ಬೋಲ್ಟು ಬೇಕು ಅನ್ನುವುದು ಮರೆಯಬೇಡಿ, ಹಳೇ ಅಳತೆಯ ಬೋಲ್ಟಿನಲ್ಲಿ ನಟ್ಟಿಗೆ ಎಳೆ (ಥ್ರೆಡ್) ಸಾಲುವುದಿಲ್ಲ. ಇಷ್ಟೆಲ್ಲ ಗಟ್ಟಿ ಮಾಡಿದ ಮೇಲೆ ಉಳಿಯುವ ಬಡವ ಯಾರು? ಹ್ಯಾಂಗರ್. ಅದು ಮಡಚಿದ ತಗಡು. ತಿರುವಿನಲ್ಲಿ, ಅದರಲ್ಲೂ ಟ್ರೇಲರ್ ಹಿಂದಕ್ಕೆ ಹಾಕುತ್ತಾ ಬಿಗಿಯಾಗಿ ತಿರುಗಿಸುವಾಗ, ಎರಡು ಆಕ್ಸಲ್‌ನ ಗಾಲಿಗಳು ಪಕ್ಕಕ್ಕೆ ಎಳೆದಾಡುತ್ತವೆ. ಆ ಎಳೆತ ಪೂರ್ತಿ ಹ್ಯಾಂಗರ್‌ನ ಬುಡಕ್ಕೆ ಬೀಳುತ್ತದೆ. ಅಲ್ಲೇ ಬಿರುಕು ಬಿಡುವುದು.

ಹಳೇ ಬೋಲ್ಟು ತೆಗೆದ ಕೂಡಲೇ ಮೂರು ಕೆಲಸ ಮಾಡಿ. ಹ್ಯಾಂಗರ್ ತೂತಿಗೆ ಹೊಸ ಬೋಲ್ಟಿನ ನಯವಾದ ಭಾಗ ಹಾಕಿ ಆಟ ಎಷ್ಟಿದೆ ನೋಡಿ. ವೆಲ್ಡ್ ಅಂಚನ್ನು ತಂತಿ ಬ್ರಷ್‌ನಿಂದ ಉಜ್ಜಿ ಟಾರ್ಚ್ ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ತುಕ್ಕು ಗೆರೆ ಕಂಡರೆ ಅದರ ಕೆಳಗೆ ಬಿರುಕು ಇದೆ ಅಂತಲೇ ಅಂದುಕೊಳ್ಳಿ. ಹಿಂದಿನಿಂದ ನೋಡಿ ಹ್ಯಾಂಗರ್ ನೇರ ನಿಂತಿದೆಯಾ, ಒಳಕ್ಕೋ ಹೊರಕ್ಕೋ ಬಾಗಿದೆಯಾ ಪರೀಕ್ಷಿಸಿ.

ತೂತು ಹಿಗ್ಗಿದ್ದರೆ ಅದರ ಮೇಲೆ ವಾಷರ್ ಇಟ್ಟು ವೆಲ್ಡ್ ಮಾಡುವುದು ನನಗೆ ಇಷ್ಟ ಇಲ್ಲ. ಹೊಸ ಹ್ಯಾಂಗರ್ ಹಾಕುವುದೇ ಸರಿ. ಆದರೆ ಅದನ್ನು ಮನೆಯಲ್ಲಿ ಮಾಡುವ ಕೆಲಸ ಅಂದುಕೊಳ್ಳಬೇಡಿ. ಚಾಸಿಯ ಕೆಳ ಅಂಚಿಗೆ ಅಡ್ಡಲಾಗಿ ವೆಲ್ಡ್ ಹಾಕಿದರೆ ತೊಲೆಯ ಬಲವೇ ಕುಗ್ಗುತ್ತದೆ. ವೆಲ್ಡ್ ಉದ್ದಕ್ಕೆ ಸಾಗಬೇಕು. ಮೇಲೆ ಮರದ ನೆಲ, ಕೆಳಗೆ ಪ್ಲಾಸ್ಟಿಕ್ ಹೊದಿಕೆ, ಪಕ್ಕದಲ್ಲೇ ವೈರು ಮತ್ತು ಗ್ಯಾಸ್ ಕೊಳವೆ. ಬ್ಯಾಟರಿ ಬಿಚ್ಚದೇ, ಗ್ಯಾಸ್ ಸಿಲಿಂಡರ್ ತೆಗೆಯದೇ ಯಾರಾದರೂ ವೆಲ್ಡ್ ಶುರು ಮಾಡಿದರೆ ತಡೆಯಿರಿ.

ಹ್ಯಾಂಗರ್‌ಗಳು ಚೆನ್ನಾಗಿದ್ದರೂ ಎಡ ಬಲ ಜೋಡಿಗಳ ನಡುವೆ ಅಡ್ಡ ಪಟ್ಟಿ ಕೊಡುವುದು ಒಳ್ಳೆಯದು. ಮೋರ್‌ರೈಡ್‌ನವರ ಎಕ್ಸ್-ಫ್ಯಾಕ್ಟರ್ ಅನ್ನುವ ಅಡ್ಡಪಟ್ಟಿ ಇದೇ ಕೆಲಸಕ್ಕೆ ಇರುವುದು. ಪಕ್ಕಕ್ಕೆ ಬಾಗುವುದನ್ನು ಅದು ತಡೆಯುತ್ತದೆ.

ಹೊಸಬಳು:
ಯು-ಬೋಲ್ಟು ಮಾತ್ರ ಮತ್ತೆ ಹಾಕಬಹುದು ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಸವೆಯುವುದು ಹೇಗೆ?

ಟಾರ್ಕ್‌ರೆಂಚ್:
ಸವೆಯುವುದಿಲ್ಲ, ಹಿಗ್ಗುತ್ತದೆ. ಯು-ಬೋಲ್ಟು ಬಿಗಿದಾಗ ಉಕ್ಕು ಸ್ವಲ್ಪ ಎಳೆದುಕೊಳ್ಳುತ್ತದೆ, ಆ ಎಳೆತವೇ ಆಕ್ಸಲ್ಲನ್ನೂ ಸ್ಪ್ರಿಂಗನ್ನೂ ಹಿಡಿದಿಡುವುದು. ಎಳೆಗಳೂ ನಟ್ಟಿನ ಆಕಾರಕ್ಕೆ ಒತ್ತಿಕೊಂಡಿರುತ್ತವೆ. ಬಿಚ್ಚಿ ಮತ್ತೆ ಬಿಗಿದರೆ ರೆಂಚ್ ಅದೇ ಅಂಕಿ ತೋರಿಸಬಹುದು, ಆದರೆ ಒಳಗಿನ ಹಿಡಿತ ಅಷ್ಟಿರುವುದಿಲ್ಲ. ತುಕ್ಕು ಹಿಡಿದ ಎಳೆಯಾದರಂತೂ ಕೇಳಲೇಬೇಡಿ, ಟಾರ್ಕ್ (ತಿರುಗಿಸುವ ಬಲ) ಪೂರ್ತಿ ಘರ್ಷಣೆಗೇ ಹೋಗುತ್ತದೆ. ಯು-ಬೋಲ್ಟು ಸಡಿಲ ಆದರೆ ಸ್ಪ್ರಿಂಗ್‌ನ ನಡುವಿನ ಪಿನ್ ಕತ್ತರಿಸಿ ಆಕ್ಸಲ್ ಜಾರುತ್ತದೆ. ಅದಕ್ಕಿಂತ ಅಪಾಯ ಬೇಕಾ? ಹಳೆಯದನ್ನು ಗ್ರೈಂಡರ್‌ನಿಂದ ಕತ್ತರಿಸಿ ಎಸೆಯಿರಿ.

ಆಕ್ಸಲ್ ತಯಾರಿಸುವ ಡೆಕ್ಸ್‌ಟರ್ ಕಂಪನಿಯ ಕೈಪಿಡಿಯ ಅಂಕಿಗಳು ಹೀಗಿವೆ. 3/8 ಇಂಚಿನ ಯು-ಬೋಲ್ಟಿಗೆ 30ರಿಂದ 35 ಫುಟ್-ಪೌಂಡ್, 7/16 ಇಂಚಿಗೆ 45ರಿಂದ 60, 1/2 ಇಂಚಿಗೆ 45ರಿಂದ 70. ಹಲ್ಲಿನ ಭುಜ ಇರುವ ಶ್ಯಾಕಲ್ ಬೋಲ್ಟಿಗೆ 30ರಿಂದ 50, ಅಂದರೆ ಸುಮಾರು 41ರಿಂದ 68 ನ್ಯೂಟನ್ ಮೀಟರ್. ನಿಮ್ಮ ಆಕ್ಸಲ್ ಬೇರೆ ಕಂಪನಿಯದಾದರೆ ಅವರ ಕೈಪಿಡಿಯದೇ ಕೊನೆಯ ಮಾತು. ಈ ಅಂಕಿ ಒಣ ಎಳೆಗೆ. ಎಣ್ಣೆ ಹಚ್ಚಿದ ಎಳೆಗೆ ಇಷ್ಟೇ ಟಾರ್ಕ್ ಕೊಟ್ಟರೆ ಎಳೆತ ಮಿತಿ ಮೀರುತ್ತದೆ. ನಾಲ್ಕು ನಟ್ಟುಗಳನ್ನೂ ಅಡ್ಡಡ್ಡ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಲಾಕ್ ನಟ್ಟುಗಳೂ ಹೊಸವೇ ಇರಲಿ.

ನಾಲ್ಕುಗಾಲಿ:
ನಾನು ಆಕ್ಸಲ್ಲನ್ನೇ ದೊಡ್ಡದು ಮಾಡುವ ಯೋಚನೆಯಲ್ಲಿದ್ದೇನೆ, 3500ರಿಂದ 5200 ಪೌಂಡಿಗೆ. ಹ್ಯಾಂಗರ್‌ಗಳ ಅಂತರ ಅದೇ ಇದ್ದರೆ ಹಳೇ ಯು-ಬೋಲ್ಟು ಅಳತೆಯೇ ಆಗುತ್ತದಾ?

ಟಾರ್ಕ್‌ರೆಂಚ್:
ಆಗುವುದಿಲ್ಲ. 3500 ಪೌಂಡಿನ ಆಕ್ಸಲ್ ಕೊಳವೆಯ ವ್ಯಾಸ 2 3/8 ಇಂಚು. 5200ರಿಂದ 7000 ಪೌಂಡಿನವರೆಗೆ 3 ಇಂಚು. ಯು-ಬೋಲ್ಟು, ಅದರ ಕೆಳಗಿನ ಪ್ಲೇಟು, ಸ್ಪ್ರಿಂಗ್ ಸೀಟು ಎಲ್ಲ ಬದಲಾಗಬೇಕು. ಬ್ರೇಕು 10 ಇಂಚಿನಿಂದ 12 ಇಂಚಿಗೆ ಹೋಗುತ್ತದೆ. ಗಾಲಿಯ ಬೋಲ್ಟುಗಳು 5ರ ಬದಲು 6. ಹಾಗಾಗಿ ರಿಮ್ಮೂ ಹೊಸದು, ಟೈರೂ ಹೊಸದು. ಆಮೇಲೂ ಚಾಸಿ ಹಳೆಯದೇ, ಕೊಂಡಿ ಹಳೆಯದೇ. ತೂಕದ ಚೀಟಿ ಹೇಳಿದ್ದಕ್ಕಿಂತ ಜಾಸ್ತಿ ತುಂಬುವಂತಿಲ್ಲ. ಮಿತಿಯ ಅಂಚಿನಲ್ಲೇ ಸದಾ ಓಡುವ ಟ್ರೇಲರ್‌ಗೆ ದೊಡ್ಡ ಆಕ್ಸಲ್ ನೆಮ್ಮದಿ ಕೊಡುತ್ತದೆ, ಅಷ್ಟೇ.

ಮತ್ತೆ, ಆಕ್ಸಲ್ ಕೊಳವೆಗೆ ಮೇಲ್ಮುಖವಾಗಿ ಸಣ್ಣ ಬಾಗು ಇರುತ್ತದೆ. ಭಾರ ಬಿದ್ದಾಗ ಗಾಲಿ ನೇರ ನಿಲ್ಲಲಿ ಅಂತ. ಎತ್ತರ ಬೇಕು ಅಂತ ಆಕ್ಸಲ್ಲನ್ನು ಸ್ಪ್ರಿಂಗ್ ಕೆಳಗೆ ಹಾಕುವಾಗ ಅದನ್ನು ತಲೆಕೆಳಗು ತಿರುಗಿಸಬೇಡಿ. ಕೊಳವೆಯ ಮೇಲ್ಭಾಗಕ್ಕೆ ಹೊಸ ಸ್ಪ್ರಿಂಗ್ ಸೀಟು ವೆಲ್ಡ್ ಮಾಡಿಸಿ.

ಮಳೆಬಿಲ್ಲು:
ನಮ್ಮದು ಟಾರ್ಶನ್ ಆಕ್ಸಲ್, ಡೆಕ್ಸ್‌ಟರ್ ಟಾರ್‌ಫ್ಲೆಕ್ಸ್. ಇದೆಲ್ಲ ನಮಗೂ ಬೇಕಾ?

ಗ್ರೀಸ್‌ಗನ್:
ಬೇಡ. ಅದರಲ್ಲಿ ಸ್ಪ್ರಿಂಗ್, ಶ್ಯಾಕಲ್, ಈಕ್ವಲೈಜರ್ ಯಾವುದೂ ಇಲ್ಲ. ಚೌಕ ಕೊಳವೆಯೊಳಗಿನ ರಬ್ಬರ್ ತಿರುಚಿಕೊಂಡು ಹೊಡೆತ ನುಂಗುತ್ತದೆ. ಚಾಸಿಗೆ ಕೂರಿಸಿದ ಬೋಲ್ಟು ಬಿಗಿ ಇದೆಯಾ ನೋಡಿದರೆ ಸಾಕು. ರಬ್ಬರ್ ಸೋತು ಗಾಲಿ ತೋಳಿನ ಕೋನ ಇಳಿದರೆ ಪೂರ್ತಿ ಆಕ್ಸಲ್ ಬದಲಾಯಿಸಬೇಕು.

ಜಲ್ಲಿರಸ್ತೆ:
ರಬ್ಬರ್ ಈಕ್ವಲೈಜರ್ ಬಗ್ಗೆ ಯಾರೂ ಹೇಳಲಿಲ್ಲ. ಕಬ್ಬಿಣದ ಈಕ್ವಲೈಜರ್ ಮಾಡುವ ಕೆಲಸ ಒಂದೇ. ಮುಂದಿನ ಗಾಲಿ ಉಬ್ಬು ಹತ್ತಿದಾಗ ತೂಗಾಡಿ ಸ್ವಲ್ಪ ಭಾರವನ್ನು ಹಿಂದಿನದಕ್ಕೆ ದಾಟಿಸುತ್ತದೆ. ಹೊಡೆತವನ್ನು ತಾನು ನುಂಗುವುದಿಲ್ಲ. ರಬ್ಬರ್ ಇರುವುದು ತೂಗುವುದರ ಜೊತೆಗೆ ನುಂಗುತ್ತದೆ. ಲಿಪರ್ಟ್‌ನವರ ಈಕ್ವಾ-ಫ್ಲೆಕ್ಸ್, ಡೆಕ್ಸ್‌ಟರ್‌ನವರ ಈ-ಝಡ್ ಫ್ಲೆಕ್ಸ್, ಮೋರ್‌ರೈಡ್‌ನವರ ಸಿಆರ್‌ಇ 3000 ಮತ್ತು ಎಸ್‌ಆರ್‌ಇ 4000 ಹೆಸರು ಕೇಳಿರಬಹುದು. ಮೋರ್‌ರೈಡ್ ಎರಡರಲ್ಲಿ ವ್ಯತ್ಯಾಸ ಚಲನೆಯದು. ಒಂದರಲ್ಲಿ 3 ಇಂಚು, ಇನ್ನೊಂದರಲ್ಲಿ 4 ಇಂಚು.

ಸವಾರಿ ನಿಜವಾಗಿಯೂ ಮೆತ್ತಗಾಗುತ್ತದೆ. ಕಪಾಟಿನ ಬಾಗಿಲು ತೆರೆದುಕೊಳ್ಳುವುದು ನಮ್ಮಲ್ಲಿ ಪೂರ್ತಿ ನಿಂತಿತು. ಆದರೆ ಎರಡು ಆಕ್ಸಲ್‌ಗಳ ನಡುವಿನ ಅಂತರ ಅಳೆದು ಅದಕ್ಕೆ ಹೊಂದುವುದನ್ನೇ ತನ್ನಿ. ಮತ್ತೆ ಟೈರಿನ ಮೇಲಿನ ಜಾಗ ನೋಡಿಕೊಳ್ಳಿ, ಚಲನೆ ಜಾಸ್ತಿ ಅಂದರೆ ಟೈರೂ ಮೇಲಕ್ಕೆ ಜಾಸ್ತಿ ಬರುತ್ತದೆ. ಅದಕ್ಕೆ ಮೊದಲು ಸ್ಪ್ರಿಂಗ್, ಆಮೇಲೆ ಈಕ್ವಲೈಜರ್. ಚಪ್ಪಟೆ ಸ್ಪ್ರಿಂಗ್ ಜೊತೆ ರಬ್ಬರ್ ಈಕ್ವಲೈಜರ್ ಹಾಕಬೇಡಿ.

ನಿಧಾನಪಯಣ:
ಕೆಲಸ ಮಾಡುವ ಕ್ರಮ ಬರೆಯುತ್ತೇನೆ, ದೂರದಾರಿಗೆ ಉಪಯೋಗ ಆಗಬಹುದು.

ಗಟ್ಟಿ ಸಮತಟ್ಟು ನೆಲ ಬೇಕು. ಎಳೆಯುವ ಗಾಡಿಗೆ ಕೊಂಡಿ ಸಿಕ್ಕಿಸಿಯೇ ಇರಲಿ, ಟ್ರೇಲರ್ ಮುಂದಕ್ಕೆ ಹಿಂದಕ್ಕೆ ಹೋಗುವುದಿಲ್ಲ. ಎದುರು ಬದಿಯ ಗಾಲಿಗಳಿಗೆ ಅಡ್ಡ ಕೊಡಿ. ಗಾಲಿ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ. ಜಾಕ್ ಚಾಸಿಯ ತೊಲೆಗೆ. ಆಕ್ಸಲ್‌ಗೆ ಜಾಕ್ ಕೊಟ್ಟು ಟ್ರೇಲರ್ ಎತ್ತಬಾರದು, ಕೊಳವೆ ಬಾಗಬಹುದು. ಎತ್ತಿದ ಮೇಲೆ ತೊಲೆಯ ಕೆಳಗೆ ಸ್ಟ್ಯಾಂಡ್ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆಮೇಲೆ ಇನ್ನೊಂದು ಸಣ್ಣ ಜಾಕ್ ಆಕ್ಸಲ್ ಕೆಳಗೆ ಇಡಿ, ಅದರ ಸ್ವಂತ ಭಾರ ಹಿಡಿಯಲು ಮಾತ್ರ.

ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಹೋಗಿ. ಎರಡೂ ಬದಿ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಹೊರಳುತ್ತದೆ, ಬ್ರೇಕ್ ವೈರು ಎಳೆದು ಹರಿಯಬಹುದು. ಈಕ್ವಲೈಜರ್ ತೆಗೆಯುವಾಗ ಎರಡು ಆಕ್ಸಲ್‌ಗಳನ್ನು ರ‍್ಯಾಚೆಟ್ ಪಟ್ಟಿಯಿಂದ ಕಟ್ಟಿಡಿ, ದೂರ ಜರುಗುವುದಿಲ್ಲ.

ಹಳೇ ಈಕ್ವಲೈಜರ್ ಇಟ್ಟುಕೊಳ್ಳುವವರು ನೈಲಾನ್ ಬುಷ್ ತೆಗೆಯಲು ಸುಲಭ ದಾರಿ ಇದೆ. ಅದರೊಳಗೆ ಎಳೆ ಕೊರೆಯುವ ಟ್ಯಾಪ್ ತಿರುಗಿಸಿ ಹಿಡಿಸಿ, ಆಚೆಯಿಂದ ಟ್ಯಾಪನ್ನು ಬಡಿದರೆ ಬುಷ್ ಜೊತೆಗೇ ಬರುತ್ತದೆ. ಕಂಚಿನ ಬುಷ್ ಹಾಕುವಾಗ ಸುತ್ತಿಗೆ ನೇರ ತಾಗಿಸಬೇಡಿ, ತೆಳ್ಳಗಿರುತ್ತದೆ, ಅಂಚು ಮಡಚಿಕೊಳ್ಳುತ್ತದೆ. ಉದ್ದ ಎಳೆಯ ಸರಳು, ಎರಡು ವಾಷರ್, ಎರಡು ನಟ್ಟು ಇಟ್ಟು ನಿಧಾನ ಎಳೆದು ಕೂರಿಸಿ. ಹೊಸ ಸ್ಪ್ರಿಂಗ್ ನೈಲಾನ್ ಬುಷ್ ಜೊತೆ ಬಂದಿದ್ದರೆ ಅದಕ್ಕೂ ಇದೇ ಕ್ರಮ.

ಸ್ಪ್ರಿಂಗ್ ನಡುವಿನ ಪಿನ್ ತಲೆ ಸೀಟಿನ ತೂತಿನೊಳಗೆ ಸರಿಯಾಗಿ ಇಳಿದಿದೆಯಾ ನೋಡಿ, ಆಮೇಲೆ ಯು-ಬೋಲ್ಟು ಬಿಗಿಯಿರಿ. ಪ್ಲೇಟು ಕೂರುವ ಜಾಗದಲ್ಲಿ ದಪ್ಪ ಬಣ್ಣ ಇದ್ದರೆ ಕೆರೆದು ತೆಗೆಯಿರಿ. ಬಣ್ಣ ಪುಡಿಯಾದಂತೆ ಹಿಡಿತ ಸಡಿಲ ಆಗುತ್ತದೆ.

ದೂರದಾರಿ:
ಕೆಲಸ ಮುಗಿಯಿತು. ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ.

ಹೊರಗಿನಿಂದ ಗಟ್ಟಿ ಕಾಣುತ್ತಿದ್ದ ಬೋಲ್ಟುಗಳ ಒಳ ಸ್ಥಿತಿ ನೋಡಿ ಬೆಚ್ಚಿಬಿದ್ದೆ. ಈಕ್ವಲೈಜರ್‌ನ ನಡುವಿನ ಬೋಲ್ಟುಗಳದ್ದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ಅಲ್ಲಿ ನೈಲಾನ್ ಅನ್ನುವುದೇ ಇರಲಿಲ್ಲ, ಚೂರುಗಳು ಉದುರಿದವು. ಬೋಲ್ಟಿನ ಒಂದು ಮಗ್ಗುಲು ಉಗುರು ಸಿಕ್ಕಿಕೊಳ್ಳುವಷ್ಟು ಆಳ ತಿಂದಿತ್ತು. ಶ್ಯಾಕಲ್ ಪಟ್ಟಿಗಳಲ್ಲಿ ಹಲವು ಮೊಟ್ಟೆಯಾಕಾರವಾಗಿದ್ದವು. ಮುಂದಿನ ಹ್ಯಾಂಗರ್‌ನ ಬೋಲ್ಟುಗಳು ಮಾತ್ರ ಪರವಾಗಿಲ್ಲ ಅನ್ನುವಂತಿದ್ದವು. ಹ್ಯಾಂಗರ್ ತೂತುಗಳು ಗುಂಡಗೇ ಉಳಿದಿವೆ, ವೆಲ್ಡ್‌ನಲ್ಲಿ ಬಿರುಕು ಕಾಣಲಿಲ್ಲ. ಅದೇ ದೊಡ್ಡ ಸಮಾಧಾನ.

ಹೊಸ 1750 ಪೌಂಡಿನ ಸ್ಪ್ರಿಂಗ್, ಕಂಚಿನ ಬುಷ್, ವೆಟ್ ಬೋಲ್ಟು, ಅರ್ಧ ಇಂಚಿನ ಶ್ಯಾಕಲ್ ಪಟ್ಟಿ, ರಬ್ಬರ್ ಈಕ್ವಲೈಜರ್, ಹೊಸ ಯು-ಬೋಲ್ಟು. ಕೊಂಡಿಯ ನಡುವಿನಿಂದ ಮುಂದಿನ ಆಕ್ಸಲ್‌ನ ಎರಡೂ ತುದಿಗೆ ಟೇಪ್ ಹಿಡಿದು ಅಳೆದೆ, ಎರಡೂ ಸಮ ಬಂದವು. ಎರಡು ಆಕ್ಸಲ್‌ಗಳ ನಡುವಿನ ಅಂತರವೂ ಎಡಕ್ಕೂ ಬಲಕ್ಕೂ ಒಂದೇ.

ಇನ್ನು ಯಾವಾಗ ಏನನ್ನು ಮತ್ತೆ ನೋಡಬೇಕು ಹೇಳುತ್ತೀರಾ?

ಟಾರ್ಕ್‌ರೆಂಚ್:
ಗಾಲಿ ನಟ್ಟು ಮೊದಲು. 1/2 ಇಂಚಿನ ಸ್ಟಡ್‌ಗೆ ಡೆಕ್ಸ್‌ಟರ್ ಹೇಳುವುದು ಮೂರು ಹಂತ: ಮೊದಲು 20ರಿಂದ 25, ಆಮೇಲೆ 50ರಿಂದ 60, ಕೊನೆಗೆ 90ರಿಂದ 120 ಫುಟ್-ಪೌಂಡ್. ಗಾಲಿ ಬಿಚ್ಚಿ ಹಾಕಿದ ಮೇಲೆ 10, 25, 50 ಮೈಲಿಗೆ ಒಮ್ಮೊಮ್ಮೆ ನಿಲ್ಲಿಸಿ ನೋಡಿ, ಅಂದರೆ ಸುಮಾರು 16, 40, 80 ಕಿಲೋಮೀಟರ್. ಅದೇ ನಿಲುಗಡೆಗಳಲ್ಲಿ ಯು-ಬೋಲ್ಟಿಗೂ ರೆಂಚ್ ಹಾಕಿ. ಸ್ಪ್ರಿಂಗ್ ಪಟ್ಟಿಗಳು ಒಂದರ ಮೇಲೊಂದು ಕೂತುಕೊಂಡಾಗ ಸ್ವಲ್ಪ ಸಡಿಲ ಆಗುವುದು ಸಹಜ. ಶ್ಯಾಕಲ್ ನಟ್ಟುಗಳನ್ನು ನೋಡುವಾಗ ಮಿತಿ ಮೀರಿ ಬಿಗಿಯಬೇಡಿ, ಪಟ್ಟಿ ಸಲೀಸಾಗಿ ಆಡುತ್ತಿರಬೇಕು.

ಗ್ರೀಸ್‌ಗನ್:
ಗ್ರೀಸನ್ನು ಮೊದಲ ಪ್ರಯಾಣದ ಮೊದಲೇ ಕೊಡಿ. ಬುಷ್‌ನ ಎರಡೂ ಪಕ್ಕದಿಂದ ಹೊಸ ಗ್ರೀಸ್ ಇಣುಕುವವರೆಗೆ. ಆಮೇಲೆ ಪ್ರತಿ ದೊಡ್ಡ ಪ್ರಯಾಣದ ಮುಂಚೆ, ಮಳೆ ನೀರಿನಲ್ಲಿ ಓಡಿಸಿದ ಮೇಲೆ. 14 ನಿಪ್ಪಲ್‌ಗಳಲ್ಲಿ ಯಾವುದು ಗ್ರೀಸ್ ತೆಗೆದುಕೊಳ್ಳುತ್ತಿಲ್ಲ ಅಂತ ಬರೆದಿಟ್ಟುಕೊಳ್ಳಿ. ಪ್ರತಿ ಸಲವೂ ಅದೇ ಒಂದು ತಕರಾರು ಮಾಡುತ್ತಿದ್ದರೆ ಅದರ ತೂತಿನ ದಿಕ್ಕು ಪರೀಕ್ಷಿಸಿ.

ದೂರದಾರಿ:
ಹಿಂದಿನ ಎಡ ಶ್ಯಾಕಲ್‌ನದು ಈಗಲೇ ಸ್ವಲ್ಪ ಬಿಗಿ ಅನ್ನಿಸಿತು. ತಲೆಯ ಮೇಲಿನ ಗೆರೆ ಪಕ್ಕಕ್ಕೇ ಇದೆ.

ಜಲ್ಲಿರಸ್ತೆ:
ಹಾಗಾದರೆ ಚಾಸಿ ಎತ್ತಿ ಭಾರ ಇಳಿಸಿ ಒತ್ತಿ ನೋಡಿ. ಆಗಲೂ ಹೋಗದಿದ್ದರೆ ನಿಪ್ಪಲ್ ಬಿಚ್ಚಿ ಅದರಲ್ಲೇ ಕಸ ಇದೆಯಾ ನೋಡಿ. ಬೋಲ್ಟು ತೆಗೆಯುವುದು ಕೊನೆಗೆ.

ವೆಲ್ಡಿಂಗ್‌ಕಿಡಿ:
ಅಡ್ಡ ಪಟ್ಟಿ ಹಾಕಿಸಿಲ್ಲ ಅಂದುಕೊಳ್ಳುತ್ತೇನೆ. ಬಿಗಿ ತಿರುವಿನಲ್ಲಿ ಹಿಂದಕ್ಕೆ ಹಾಕುವುದು ಕಡಿಮೆ ಮಾಡಿ, ಅದನ್ನು ಹಾಕಿಸುವವರೆಗೆ. ಹ್ಯಾಂಗರ್ ಬುಡಕ್ಕೆ ತೆಳ್ಳಗೆ ತಿಳಿ ಬಣ್ಣ ಬಳಿದಿಡಿ. ಬಿರುಕು ಬಿಟ್ಟರೆ ಕಪ್ಪು ಬಣ್ಣಕ್ಕಿಂತ ತಿಳಿ ಬಣ್ಣದಲ್ಲಿ ಬೇಗ ಕಾಣುತ್ತದೆ. ಗ್ರೀಸ್ ಕೊಡಲು ಕೆಳಗೆ ಹೋದಾಗ ಆರೂ ಹ್ಯಾಂಗರ್‌ಗಳ ಮೇಲೆ ಟಾರ್ಚ್ ಹಾಯಿಸಿ.

ದೂರದಾರಿ:
ಚಾಸಿ ಎತ್ತಿ ಒತ್ತಿದೆ, ಗ್ರೀಸ್ ಸಲೀಸಾಗಿ ಹೋಯಿತು. ಹ್ಯಾಂಗರ್ ಬುಡಕ್ಕೆ ಬಿಳಿ ಬಣ್ಣ ಬಳಿದಿದ್ದೇನೆ. ಅಡ್ಡ ಪಟ್ಟಿಗೆ ಅಳತೆ ತೆಗೆದುಕೊಂಡಿದ್ದೇನೆ, ತಂದ ಮೇಲೆ ಇಲ್ಲೇ ಬರೆಯುತ್ತೇನೆ.